ಎಷ್ಟನೇ ಸೂಲು

ರಿಪ್ಪನ್‌ಪೇಟೆ ಡೈರಿ, ಬೆಳಗ್ಗೆ ಆರೂಕಾಲು.
ಹೊರಗೆ ಕ್ಯಾನುಗಳ ಸಾಲು, ಒಳಗೆ ಪರದೆಯ ಮೇಲೆ ಕೆಂಪು ಬೀಗ:
ಭದ್ರತಾ ಪರೀಕ್ಷೆ ವಿಫಲ.

ನಿನ್ನೆ ಸಂಜೆವರೆಗೂ ಪಾಸಾಗ್ತಿತ್ತಲ್ಲ ಮಾರಾಯ್ರೆ!
ಅದೇ ಪೆಟ್ಟಿಗೆ, ಅದೇ ವೈರು,
ಸೊನ್ನೆ ಸವೆದ ಅದೇ ಕೀಲಿಮಣೆ.

ಶಿವಮೊಗ್ಗದಿಂದ ಎಲ್‌ರಾಯ್ ಫೋನಿನಲ್ಲಿ ಹೇಳಿದ:
'ನಿಮ್ಮದೇನೂ ಕೆಟ್ಟಿಲ್ಲ ಮೇಡಂ,
ಪರೀಕ್ಷೆ ಬಿಗಿಯಾಗಿದೆ.
ಹಳೇ ವಿಂಡೋಸಿಗೆ ಹೊಸ ಬೀಗದ ಭಾಷೆ ಬರೋಲ್ಲ.
ನಿಮಗೆ ಸಡಿಲ ಮಾಡಿದರೆ
ಕಳ್ಳನಿಗೂ ಸಡಿಲ.'

ನ್ಯಾಯವೇ.

ಹೋದ ಯುಗಾದಿಗೆ ಫ್ಯಾಟಿನ ಗೆರೆ ಮೇಲೇರಿದಾಗ
ದ್ಯಾವಮ್ಮ ಇದೇ ಕಿಟಕಿಗೆ ಕ್ಯಾನು ಆನಿಸಿ
'ಹಸ ಅದೇ, ಹುಲ್ಲು ಅದೇ ಕಣವ್ವ' ಅಂದಿದ್ದಳು.
ತಲೆ ಎತ್ತದೆ ಚೀಟಿ ಹರಿದು ಕೊಟ್ಟಿದ್ದೆ.
ಹಾಲು ವಾಪಸು ನಡೆದಿತ್ತು, ಕುಲುಕುತ್ತ.

ಇವತ್ತು ಅವಳು ಸಾಲಿನಲ್ಲಿ ಮೂರನೆಯವಳು.
ಲೆಡ್ಜರಿನ ಧೂಳು ಕೊಡವಿದೆ,
ಒಣಗಿದ ಪೆನ್ನಿನ ಮೂತಿಗೆ ಉಸಿರೂದಿದೆ.
'ಯಾಕವ್ವ, ಕೈಯಲ್ಲಿ ಬರೀತಿ?'
'ಇದು ಫೇಲಾಯ್ತು.'

ಗಾಜಿನಾಚೆಯಿಂದ ಬಗ್ಗಿ ನೋಡಿದಳು ಕಂಪ್ಯೂಟರನ್ನು,
ಕೊಟ್ಟಿಗೆಯ ಬಾಗಿಲಲ್ಲಿ ನಿಂತು
ಹಾಲು ಬತ್ತಿದ್ದನ್ನು ನೋಡುವ ಹಾಗೆ.
ಬೈಯಲಿಲ್ಲ, ನಗಲೂ ಇಲ್ಲ.

'ಎಷ್ಟನೇ ಸೂಲು ಇದಕ್ಕೆ?'