ಆರು ಅಂಗುಲ

ಬ್ರೆಕನ್ ಅಂಗಡಿಯವ ಒಂಬತ್ತು ಅಂಗುಲದ ಬಾಯಿ ತೆರೆದು ತೋರಿಸಿದ:
ಬೊಡ್ಡೆಯನ್ನೇ ನುಂಗುತ್ತೆ, ನೋಡಿ.
ಗೆಥಿನ್ ನೋಡಲಿಲ್ಲ. ಜೇಬಿನಿಂದ ಟೇಪು ಎಳೆದು
ಯಂತ್ರದ ಸೊಂಟ ಅಳೆದ.

ನಿನ್ನೆ ಮಿಸೆಸ್ ಬೆವನ್ ಹಿತ್ತಿಲಲ್ಲೂ
ಮೊದಲು ಅಳೆದದ್ದು ರೋಗ ಹಿಡಿದ ಆಶ್ ಮರವನ್ನಲ್ಲ,
ಗೇಟನ್ನು. ಮೂವತ್ತನಾಲ್ಕು.
ತುಕ್ಕು ಚಿಲಕ ಅದರಲ್ಲೊಂದು ತಿಂದಿತ್ತು.

ಕೊಂಬೆಗೆ ಆರು ಸಾಕು, ಎಂದ.
ಅದಕ್ಕಿಂತ ದಪ್ಪದ್ದು ಪುಡಿಯಾಗೋದು ಬೇಡ,
ಆಕೆಯ ಒಲೆಗೆ ಬೇಕು.

ಮಂಜು. ವ್ಯಾನಿನ ಹಿಂದೆ ಹೊಸ ಯಂತ್ರ
ಹಗ್ಗ ಕಟ್ಟಿದ ಕರುವಿನ ಹಾಗೆ
ಮುಗ್ಗರಿಸುತ್ತ ಬಂತು.
ಸ್ಟಿಯರಿಂಗ್ ಮೇಲೆ ಅವನ ಎಡಗೈ,
ಮೂರೇ ಬೆರಳು.

ಕೆಲಸಕ್ಕೆ ಸೇರಿ ಎಂಟು ದಿನ.
ಕೇಳಲಿಲ್ಲ ನಾನು,
ಉಳಿದೆರಡನ್ನು ತಿಂದ ಬಾಯಿ
ಎಷ್ಟು ಅಂಗುಲ ಎಂದು.