ದೊಡ್ಡದು ಮಾಡುವುದು

ಬೆವರ್ಲಿ ರಸ್ತೆ ಅಂತ ಹೆಸರು,
ಇಲ್ಲಿ ಬೆವರಿದವರನ್ನು ನಾನು ಕಂಡಿಲ್ಲ.
ಹಲ್ ಎಂಬ ಈ ಊರಲ್ಲಿ ಡಿಸೆಂಬರು ಅಂದರೆ
ಮೂರೂವರೆಗೆ ಸಂಜೆ,
ಎಂಟಾದರೂ ಬೆಳಗಾಗದ ಬೆಳಗು.
ನಡುವಿನ ಕತ್ತಲಿಗೆಲ್ಲ ಲೆಕ್ಕ ಇಡುವವನು
ನನ್ನ ಗಂಡ, ಗುರುಶಾಂತ.

ಅಡುಗೆಮನೆ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ
ಕೂತಿದೆ ಮೀಟರು, ಅಂಗೈಯಗಲದ್ದು.
ಹಸಿರು, ಹಳದಿ, ಕೆಂಪು, ಹೀಗೆ ಕಣ್ಣು ಬಿಡುತ್ತದೆ.
ಚಹಕ್ಕೆ ನೀರಿಟ್ಟರೆ ಕೆಂಪು.
ರೊಟ್ಟಿಗೆ ಹಂಚು ಕಾಯಿಸಿದರೆ ಕೆಂಪು.
ನಮ್ಮತ್ತೆ ಕೂಡ ಇಷ್ಟು ಕಣ್ಣು ಕೆಂಪು ಮಾಡಿದವರಲ್ಲ.

ಅವನು ಕೋಣೆಯಿಂದ ಕೋಣೆಗೆ ನಡೆಯುತ್ತಾನೆ,
ಹಿಂದೆಯೇ ಟಕ್, ಟಕ್, ಟಕ್.
ನಾನು ಒಗ್ಗರಣೆ ಸೌಟು ಹಿಡಿದು ನಿಂತಿರುವಾಗಲೇ
ನೆತ್ತಿಯ ಮೇಲಿನ ಬೆಳಕು ಹೋಗುತ್ತದೆ.
ಸಾಸಿವೆ ಅಂತ ರಾಗಿ ಹಾಕಿದ್ದೇನೆ ಒಂದು ಸಲ.
ಮಾತಾಡದೆ ಉಂಡ.

"ಇಲ್ಲಿ ಯಾರು ಕುಂತಾರ? ಯಾರ ಸಲುವಾಗಿ ಇದು?"
ಖಾಲಿ ಕೋಣೆಯನ್ನು ಕೇಳುತ್ತಾನೆ.
"ನಾ ಈಗ ಬರಾಕಿ ಅದೀನಿ" ಅಂದರೆ
"ಬಂದ ಮ್ಯಾಲೆ ಹಚ್ಚು."
ಬಂದ ಮೇಲೆ ಹಚ್ಚುವುದಕ್ಕೂ
ಬರುವಾಗ ಹಚ್ಚಿರುವುದಕ್ಕೂ ಇರುವ ಫರಕು
ಯಾವ ಮೀಟರಿನಲ್ಲೂ ಏಳುವುದಿಲ್ಲ.

ಅವರಪ್ಪ ಗದಗಿನಲ್ಲಿ ಕೆಇಬಿ ಲೈನ್‌ಮನ್.
ಬಿಲ್ಲು ಕಟ್ಟದವರ ಮನೆಯ ಫ್ಯೂಸು ಕಿತ್ತು,
ಪಿಂಗಾಣಿಯ ಆ ಬಿಳಿ ಹಲ್ಲುಗಳನ್ನು
ಸಂಜೆಗೆ ಜೇಬು ತುಂಬ ತರುತ್ತಿದ್ದರಂತೆ.
ಹುಡುಗ ಹಾಸಿಗೆಯ ಮೇಲೆ ಸುರುವಿ ಎಣಿಸುತ್ತಿದ್ದ:
ಇದು ಹೂಗಾರರದು,
ಇದು ಬಡಿಗೇರರದು,
ಇದು ನಮ್ಮ ಗಣಿತದ ಮಾಸ್ತರರದು.
ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊನ್ನೆ ಹೇಳಿದ,
ಮೆಟ್ಟಿಲ ದೀಪದ ಜಗಳದ ನಡುವೆ,
ಗೆಲ್ಲಲಿಕ್ಕಲ್ಲ, ಬಾಯಿ ತಪ್ಪಿ.

ನಮ್ಮ ಕಡೆ ದೀಪ ಆರಿಸು ಅನ್ನುವುದಿಲ್ಲ.
ಅಂದರೆ ಬಾಯಿಗೆ ಹೊಡೆಯುತ್ತಿದ್ದಳು ನನ್ನಜ್ಜಿ.
ದೊಡ್ಡದು ಮಾಡು ಅನ್ನಬೇಕು.
ಅದೇ ಬಂತು ನನ್ನ ಬಾಯಿಗೂ:
"ಮೇಖಲಾ, ಹೊರಗಿನ ಕೋಣೆ ದೀಪ ದೊಡ್ಡದು ಮಾಡವ್ವ."
ಎಂಟು ವರ್ಷದ, ಹೇಳಿದ ಮಾತು ಕೇಳುವ ಹುಡುಗಿ
ಗೋಡೆಯ ಗುಂಡಿಯನ್ನು ತಿರುವಿದಳು ಕೊನೆಯವರೆಗೆ.
ಝಗ್ಗನೆ ಆರು ಬಲ್ಬು.
ಮೀಟರು ಕೆಂಪು. ಗುರುಶಾಂತ ಕೆಂಪು.
"ಅಮ್ಮನೇ ಹೇಳಿದ್ದು!"
ಹೌದು, ಅವಳ ತಪ್ಪೇನು?
ಅಪಶಕುನಕ್ಕೆ ಹೆದರಿ ನಾವು ಉಲ್ಟಾ ಆಡಿದ್ದನ್ನು
ಮಗು ಸುಲ್ಟಾ ಕೇಳಿಸಿಕೊಂಡಿತು.
ಮೂವರೂ ನಕ್ಕೆವು ಅಂತ ಬರೆದರೆ ಸುಳ್ಳು.
ಇಬ್ಬರು ನಕ್ಕೆವು.

ವಾರಕ್ಕೆ ನಾಲ್ಕು ರಾತ್ರಿ ನನ್ನ ಪಾಳಿ,
ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ.
ಅಲ್ಲಿ ಯಾವ ದೀಪಕ್ಕೂ ರಾತ್ರಿಯಿಲ್ಲ.
ಉದ್ದ ಪಡಸಾಲೆಗೆಲ್ಲ ಟ್ಯೂಬು,
ಯಾರೂ ಉಣ್ಣದ ಹೊತ್ತಲ್ಲಿ ಊಟದ ಕೋಣೆಗೂ ಟ್ಯೂಬು.
ಏಳನೇ ನಂಬರಿನ ಮಿಸೆಸ್ ಹೋಲ್ರಾಯ್ಡ್
ನನ್ನ ತೋಳು ಹಿಡಿದು ಕೇಳುತ್ತಾಳೆ:
ಇದನ್ನೆಲ್ಲ ಆರಿಸುವವರು ಯಾರೂ ಇಲ್ಲವೇ, ಮಗಳೇ,
ಬಿಲ್ಲು ನೋಡಿ ನಮ್ಮವರು ಏನಂದಾರು?
ಅವರು ಸತ್ತು ಇಪ್ಪತ್ತು ವರ್ಷ.
ಅವಳ ತಲೆಯ ಹತ್ತಿರದ್ದೊಂದನ್ನು ಟಕ್ ಅನ್ನಿಸುತ್ತೇನೆ.
ಆ ಸದ್ದಿಗೇ
ಅವಳಿಗೆ ನಿದ್ದೆ ಬರುತ್ತದೆ.

ಶನಿವಾರ ಬೆಳಿಗ್ಗೆ, ಏಳೂ ಮುಕ್ಕಾಲು, ಬಸ್ಸಿಳಿದೆ.
ಸಾಲುಮನೆಗಳು, ಎಲ್ಲ ಒಂದೇ ಅಚ್ಚಿನ ಇಟ್ಟಿಗೆ.
ಕತ್ತಲಲ್ಲಿ ನಮ್ಮದು ಹದಿನಾಲ್ಕನೆಯದೆಂದು
ಬಾಗಿಲು ಎಣಿಸುತ್ತ ಹೋಗುವವಳು ನಾನು.
ಎಣಿಸಬೇಕಾಗಲಿಲ್ಲ.
ಬಾಗಿಲ ಮೇಲಿನ ಗಾಜಿನಲ್ಲಿ ಬೆಳಕು.

ಮರೆತನೋ ಬಿಟ್ಟನೋ, ಕೇಳಿಲ್ಲ.
ಕೇಳಿದರೆ
ಒಂಬತ್ತು ವಾಟು, ಹತ್ತು ತಾಸು ಅಂತ ಲೆಕ್ಕ ಹೇಳಿಬಿಟ್ಟಾನು.
ಚಳಿಯಲ್ಲಿ ಒಂದು ಗಳಿಗೆ ನಿಂತು ನೋಡಿದೆ,
ದುಡ್ಡು ಕೊಟ್ಟದ್ದಲ್ಲವೇ.
ಆಮೇಲೆ ಶೂ ಬಿಚ್ಚಿ, ಸದ್ದಾಗದಂತೆ ಒಳಗೆ ಹೋಗಿ
ಅವರಿಬ್ಬರೂ ಏಳುವ ಮುಂಚೆ
ನಾನೇ ಅದನ್ನು
ದೊಡ್ಡದು ಮಾಡಿದೆ.