ಬೆಡ್‌ಶೀಟು ನಂಬರು ೪೪೧೭

ದೆವ್ವ ನಾನೇ. ಮೊದಲೇ ಹೇಳಿಬಿಡುತ್ತೇನೆ,
ಹೇಗೂ ಹದಿನೇಳನೇ ನಿಮಿಷಕ್ಕೆ
ಹೊದಿಕೆಯ ಅಂಚಿನಿಂದ ನನ್ನ ಸೇಫ್ಟಿ ಶೂ ಇಣುಕುತ್ತದೆ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ ನನ್ನದು.
ನನ್ನದೆಂದರೆ, ನಾನಿರುವುದು ಅಲ್ಲಿ.
ಒಂದು ರಾತ್ರಿಗೆಂದು ಅಲ್ಲಿಂದಲೇ ಎತ್ತಿಕೊಂಡು ಬಂದದ್ದು
ದೆವ್ವದ ವಸ್ತ್ರ: ಕಿಂಗ್ ಸೈಜ್, ಗರಿಗರಿ ಇಸ್ತ್ರಿ.
ಇಸ್ತ್ರಿಯ ಗೆರೆ ಪರದೆಯ ಮೇಲೂ ಕಾಣುತ್ತದೆ,
ಮೂಲೆಯಲ್ಲಿ ಕೆಂಪು ದಾರದ ನಂಬರೂ.
ಯಾವ ಪ್ರೇತಕ್ಕೂ ಇಷ್ಟು ಶಿಸ್ತು ಇರಲಾರದು, ಪಾಪ.

ಐಡಿಯಾ ಜೋಕಿಮನದು.
ಶಂಕರಪುರದವ, ಫೋರ್ಕ್‌ಲಿಫ್ಟ್ ಓಡಿಸುತ್ತಾನೆ.
"ಕ್ಯಾಮರಾ ಮರಳಲ್ಲಿ ಸಿಕ್ಕಿತು ಅಂತ ಶುರು ಮಾಡುವ ಮಾರಾಯ,
ತೆಗೆದವರು ಸತ್ತುಹೋಗಿದ್ದಾರೆ.
ಸತ್ತವರು ಕೆಟ್ಟದಾಗಿ ತೆಗೆದರೆ ಕೇಳುವವರು ಯಾರು?
ಸ್ಟ್ಯಾಂಡು ಬೇಡ, ಲೈಟು ಬೇಡ,
ಕೈ ನಡುಗಿದಷ್ಟೂ ಒಳ್ಳೆಯದು."
ಒಟ್ಟು ಖರ್ಚು ಮುನ್ನೂರ ನಲವತ್ತು ದಿರಹಂ,
ಅದರಲ್ಲಿ ಅರ್ಧ ಬಿರಿಯಾನಿಗೆ.

ಮದಾಮ್‌ನ ಆಚೆ ಮರಳು ನುಂಗಿದ ಮನೆಗಳಿವೆ,
ಬಾಗಿಲಿನ ಅರ್ಧಕ್ಕೆ ಮರಳು, ಒಳಗೆ ಕಿಟಕಿಯ ಮಟ್ಟಕ್ಕೆ.
ಜನ ಯಾಕೆ ಬಿಟ್ಟುಹೋದರೋ. ಜಿನ್ ಎನ್ನುತ್ತಾರೆ.
ನೀರಿರಲಿಕ್ಕಿಲ್ಲ ಎಂದು ಕತೆ ಕೆಡಿಸುತ್ತಾನೆ ಅಬೂಸಾಲಿ.
"ಅಲ್ಲಿ ಹೆದರಿಕೆ ಪುಕ್ಕಟೆ" ಎಂದಿದ್ದ ಜೋಕಿಮ.
ಶುಕ್ರವಾರ ರಾತ್ರಿ ಹೋಗಿ ನೋಡಿದರೆ
ಫಿಲಿಪಿನೋ ಸಂಸಾರವೊಂದು ಕೇಕು ಕತ್ತರಿಸುತ್ತಿದೆ.
ಎರಡನೇ ದೃಶ್ಯದಲ್ಲಿ ನಾನು ಗೋಳಿಡುವಾಗ
ಹಿಂದೆ ಸಣ್ಣಗೆ ಕೇಳುತ್ತದಲ್ಲ ಚಪ್ಪಾಳೆ,
ಅದು ಅವರದು.

ಮೊನ್ನೆ ಪ್ರದರ್ಶನ. ಅಜ್ಮಾನಿನ ಟ್ಯೂಷನ್ ಸೆಂಟರಿನ ಮಹಡಿ,
ಊರ ಕಡೆಯವರು ಅರವತ್ತು ಮಂದಿ,
ತಲೆಗೆ ಹತ್ತು ದಿರಹಂ, ಚಹಾ ಸೇರಿ.
ಹೆದರಬೇಕಾದಲ್ಲಿ ನಕ್ಕರು. ಸರಿ.
ನಗಬೇಕಾದಲ್ಲಿ, ತಾರಾನಾಥ ದೆವ್ವವನ್ನು ನಿಲ್ಲಿಸಿ
"ನಿನ್ನ ವೀಸಾ ಯಾವ ಕಂಪನಿಯದು?" ಎಂದು ಕೇಳುವಲ್ಲಿ,
ಒಬ್ಬರೂ ನಗಲಿಲ್ಲ.
ಏಸಿ ಮಾತ್ರ ಗೊರಗೊರ ಅಂದಿತು.
ನಲವತ್ತೊಂದನೇ ನಿಮಿಷಕ್ಕೆ ಕತೆಯಲ್ಲಿ
ಒಬ್ಬೊಬ್ಬರಾಗಿ ಮಾಯವಾಗುತ್ತಾರೆ ಎಲ್ಲರೂ.
ಹಾಲಿನಲ್ಲೂ ಅಷ್ಟೇ.
ಉಳಿದದ್ದು ಪ್ರಮೀಳಕ್ಕ, ಫ್ಲಾಸ್ಕು ಅವರದ್ದಾದ್ದರಿಂದ.
"ದೆವ್ವದ ಪಾರ್ಟು ಪರವಾಗಿಲ್ಲ" ಎಂದರು, "ಯಾರದು?"

ಜೋಕಿಮ ಮೆಮೊರಿ ಕಾರ್ಡು ನನ್ನ ಅಂಗೈಗೆ ತುರುಕಿ
"ಅಳಿಸಿಬಿಡು, ಪುಣ್ಯ ಕಟ್ಟಿಕೋ" ಎಂದ.

ಅಳಿಸುವ ಮುಂಚೆ, ಮೇಲಿನ ಬಂಕಿನಲ್ಲಿ ಮಲಗಿ,
ಸಿನಿಮಾಕ್ಕೆ ಹೋಗದೆ ಉಳಿದದ್ದನ್ನು ಒಮ್ಮೆ ನೋಡಿದೆ.
ಅಬೂಸಾಲಿ ಪಿಕಪ್ಪಿನ ಬಾನೆಟ್ಟಿನ ಮೇಲೆ
ಕ್ಯಾಮರಾ ಮರೆತಿದ್ದಾನೆ, ಆಫ್ ಮಾಡದೆ.
ಹನ್ನೊಂದು ನಿಮಿಷ ನಾವು ಬಿರಿಯಾನಿ ತಿನ್ನುತ್ತೇವೆ.
ಮಾತಿಲ್ಲ. ತಾರಾನಾಥ ಎಲುಬು ಚೀಪುತ್ತಾನೆ.
ಜೋಕಿಮ ಚಪ್ಪಲಿ ಕಳಚಿ ಪಾದ ಮರಳಲ್ಲಿ ಹೂತು
ಬೆರಳು ಆಡಿಸುತ್ತಾನೆ, ಮತ್ತೆ ಹೂತು, ಮತ್ತೆ ಆಡಿಸುತ್ತಾನೆ.
ಮರಳು ಸರಿಯುವ ಸದ್ದು.
ಇಡೀ ಸಿನಿಮಾದಲ್ಲಿ ಹುಡುಕಿದರೂ ಸಿಗದ ಸದ್ದು.
ನನ್ನ ಮುಖ ನನಗೇ ಗುರುತು ಹತ್ತಲಿಲ್ಲ, ಅಷ್ಟು ನೆಮ್ಮದಿ.
ಇದನ್ನೇ ತೋರಿಸಿದ್ದರಾಗುತ್ತಿತ್ತು.

ಹಿಂದೆ, ಅರ್ಧ ಮುಚ್ಚಿದ ಬಾಗಿಲಿನಲ್ಲಿ, ಬೆಡ್‌ಶೀಟು ನಿಂತಿದೆ.
ಬೆವರು ಆರಲೆಂದು ಸ್ಟ್ಯಾಂಡಿಗೆ ಹೊದಿಸಿಟ್ಟಿದ್ದೆ, ನೆನಪಿದೆ.
ಮಗ್ಗುಲಾದೆ. ನಿದ್ದೆ ಹತ್ತುತ್ತಿತ್ತು.
ಎದ್ದು ಕೂತ ರಭಸಕ್ಕೆ ತಲೆ ಛಾವಣಿಗೆ ಬಡಿಯಿತು.

ಸ್ಟ್ಯಾಂಡು ನಾವು ತಂದೇ ಇರಲಿಲ್ಲ.

ಬೆಳಿಗ್ಗೆ ಐದಕ್ಕೆ ಶಿಫ್ಟು.
ಹೋಟೆಲಿನಿಂದ ೪೪೧೭ ವಾಪಸು ಬಂದಿದೆ, ಚೀಟಿಯೊಂದಿಗೆ:
ಎಷ್ಟು ಒಗೆದರೂ ಮರಳು ಉದುರುತ್ತದಂತೆ.
ಮೆಷಿನ್ನಿಗೆ ಹಾಕಿ ನಿಂತಿದ್ದೇನೆ, ಗಾಜಿನೊಳಗೆ ಅದು
ಸುತ್ತುತ್ತಿದೆ, ಸುತ್ತುತ್ತಿದೆ.
ಜೋಕಿಮನಿಗೆ ಹೇಳಲೋ ಬೇಡವೋ.
ಹೇಳಿದರೆ ಎರಡನೇ ಭಾಗ ತೆಗೆಯುತ್ತಾನೆ.